ಕೀಲಿ ತೂಗುವ ಜಾಗ

ನಡುನೀರಿನಲ್ಲಿ, ಅಪ್ಪ ನಡೆಸುತ್ತಿದ್ದ ಪ್ರಯಾಣಿಕರ ದೋಣಿಯ ಎಂಜಿನ್ ಕಾದ ಹೆಂಚಿನಂತಾಗಿ ನಿಂತೇಬಿಟ್ಟಿತು. ಮಗಳು ಹಲಗೆ ಎತ್ತಿ ಒಳಗೆ ಕೈ ಇಳಿಸಿದಳು. ಎಂಜಿನ್ ತಣ್ಣಗಿರಲು ಹೊರಗಿನ ನೀರು ಬರುವ ವಾಲ್ವು ಬಿಗಿಯಾಗಿ ಮುಚ್ಚಿತ್ತು.

ಸಂಜೆ ದೋಣಿ ಕಟ್ಟುವಾಗ ವಾಲ್ವು ಮುಚ್ಚಿ, ಎಂಜಿನ್ ಕೀಲಿಯನ್ನು ಅದರ ಹಿಡಿಗೇ ತೂಗುಹಾಕಬೇಕು; ಬೆಳಿಗ್ಗೆ ಕೀಲಿಗೆ ಹೋದ ಕೈ ವಾಲ್ವನ್ನೂ ತೆರೆಯುತ್ತದೆ. ಇದು ಅಪ್ಪನ ಕಟ್ಟಪ್ಪಣೆ. ಒಮ್ಮೆ ಮರೆತದ್ದಕ್ಕೆ ಅವಳಿಗೆ ದಡಕ್ಕೆಲ್ಲ ಕೇಳುವಂತೆ ಬೈದಿದ್ದ. ಇವತ್ತು ಮಾತ್ರ ಕೀಲಿ ಬಂದದ್ದು ಅಪ್ಪನದೇ ಜೇಬಿನಿಂದ. ಈಚೆಗೆ ಅವನು ಒಲೆ ಆರಿಸುವುದನ್ನೂ ಮರೆಯುತ್ತಿದ್ದ.

ಅವಳು ಸದ್ದಾಗದಂತೆ ಹಿಡಿ ತಿರುಗಿಸಿದಳು. "ಏನಿಲ್ಲಪ್ಪ, ನೀರಿನ ದಾರೀಲಿ ಕಸ ಸಿಕ್ಕೊಂಡಿತ್ತು, ತೆಗ್ದೆ. ಸ್ವಲ್ಪ ಆರ್ಲಿ, ಹೊರಡೋಣ."

"ಹೌದಾ? ಎಲ್ಲಿ, ತೋರ್ಸು ಕಸ."

ಎಣ್ಣೆ ಮೆತ್ತಿದ ಖಾಲಿ ಕೈಯನ್ನು ಅವಳು ಸೆರಗಿನಲ್ಲಿ ಮುಚ್ಚಲು ನೋಡಿದಳು. ಅಪ್ಪ ಅದನ್ನು ಎಳೆದುಕೊಂಡು, ಎಂಜಿನ್ನಿಂದ ಕಿತ್ತ ಕೀಲಿಯನ್ನು ಅಂಗೈಯಲ್ಲಿ ಇಟ್ಟು, ಒಂದೊಂದೇ ಬೆರಳು ಮಡಚಿದ.

"ನಮ್ಮಪ್ಪಂಗೆ ನಾನೂ ಒಂದಿನ ಇದೇ ಕಸದ ಕತೆ ಹೇಳಿದ್ದೆ ಕಣೆ," ಎಂದವನು, ಮೆಲ್ಲಗೆ ಹೋಗಿ ಪ್ರಯಾಣಿಕರ ಬೆಂಚಿನ ಮೇಲೆ ಕೂತ.