ಹದಿನೇಳನೆಯ ಲಕೋಟೆ

“ಯಾರೋ ಸುಳ್ಳು ಬರೆದಿದ್ದಾರೆ,” ಎಂದಳು ಸಂಶೋಧಕಿ. ಪರದೆಯ ಮೇಲೆ ಹದಿನೇಳನೆಯ ಮಗುವಿನ ಮಿದುಳಿತ್ತು. ಪಟ್ಟಿಯಲ್ಲಿ ಆ ಸಂಖ್ಯೆಯ ಕೆಳಗೆ ಕೆಂಪು ಪೆನ್ನಿನಿಂದ ಎರಡು ಗೆರೆ ಎಳೆದಳು. ಖಚಿತವಾದದ್ದಕ್ಕೆಲ್ಲ ಎರಡು ಗೆರೆ. ಅದು ಅವಳ ರೂಢಿ.

ಬಾಗಿಲು ಸರಿಸಿ ಮಗಳು ಇಣುಕಿದಳು. ಶಾಲೆ ಬಿಟ್ಟ ಮೇಲೆ ಅವಳು ಹೊರಗಿನ ಬೆಂಚಿನಲ್ಲೇ ಕಾಯುವುದು. “ಅಮ್ಮಾ, ಐದಾಯ್ತಾ?”

“ಗೋಡೆ ಮೇಲೆ ಗಡಿಯಾರ ಇದೆ, ಕಣ್ಣಿಲ್ವಾ ನಿಂಗೆ? ಹೋಗಿ ಕೂತ್ಕೋ.”

ಮಿದುಳಿನ ಎರಡು ಭಾಗಗಳನ್ನು ಬೆಸೆಯುವ ನರಗಳ ಪಟ್ಟಿ ಈ ಮಗುವಿನಲ್ಲಿ ತೀರಾ ತೆಳ್ಳಗಿತ್ತು. ಲೆಕ್ಕದ ಪರೀಕ್ಷೆ, ನೆನಪಿನ ಪರೀಕ್ಷೆ, ಎರಡೂ ಅದೇ ರಾಗ ಹಾಡುತ್ತಿದ್ದವು. ಬಸಿರಿನಲ್ಲಿ ತಾಯಿ ಮದ್ಯ ಕುಡಿದಿದ್ದ ಮಕ್ಕಳಲ್ಲಿ ಇದನ್ನು ಅವಳು ಹನ್ನೆರಡು ವರ್ಷದಿಂದ ನೋಡುತ್ತಿದ್ದಳು. ಆದರೆ ಹದಿನೇಳು ಇದ್ದದ್ದು ಹೋಲಿಕೆಯ ಗುಂಪಿನಲ್ಲಿ, ‘ಒಂದು ತೊಟ್ಟೂ ಮುಟ್ಟಿಲ್ಲ’ ಎಂದು ತಾಯಂದಿರು ಬರೆದುಕೊಟ್ಟ ಮಕ್ಕಳ ನಡುವೆ. ಆ ಗುಂಪಿಗೆ ಮಕ್ಕಳು ಸಾಲದಿದ್ದಾಗ, ಕಸ ಗುಡಿಸುವವರಿಂದ ಹಿಡಿದು ನಿರ್ದೇಶಕರವರೆಗೆ ಸಂಸ್ಥೆಯವರೆಲ್ಲ ತಮ್ಮ ಮಕ್ಕಳನ್ನೇ ಮಿದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿ ಮಲಗಿಸಿದ್ದರು.

ಯಾವ ಸಂಖ್ಯೆ ಯಾರದೆಂದು ಅಳತೆ ಮಾಡುವವರಿಗೆ ತಿಳಿಯಬಾರದು. ತಿಳಿದವಳು ದಾಖಲೆ ಕೋಣೆಯ ಹೆಂಗಸು ಒಬ್ಬಳೇ, ಎಲ್ಲರ ಪಾಲಿನ ಅಕ್ಕ. ತಾಯಂದಿರು ಬರೆದುಕೊಟ್ಟ ಹಾಳೆಗಳು ಅರಗು ಒತ್ತಿದ ಲಕೋಟೆಗಳಲ್ಲಿ ಅವಳ ಕಪಾಟಿನಲ್ಲಿದ್ದವು. ಅವಳ ಕಿರಿಮಗನೂ ಈ ಗುಂಪಿನಲ್ಲಿದ್ದ.

ಸಂಶೋಧಕಿ ದಾಖಲೆ ಕೋಣೆಗೆ ಹೋದಳು. “ಅಕ್ಕಾ, ಹದಿನೇಳರ ಲಕೋಟೆ ಕೊಡಿ.”

ಬೀಗದ ಕೈಗಳ ಗೊಂಚಲು ಅಕ್ಕನ ಮುಷ್ಟಿಯಲ್ಲೇ ಉಳಿಯಿತು. “ಅದೊಂದು ಬಿಟ್ಬಿಡಿ ಮೇಡಂ. ಪಟ್ಟಿಯಿಂದ ತೆಗೆದುಹಾಕಿದ್ರೆ ಸಾಕಲ್ವಾ?”

“ಯಾಕೆ?”

“ಯಾವಳೋ ತಾಯಿ ಹೆದರಿ ಬರೆದಿರ್ತಾಳೆ.”

ಹಾಗಾದರೆ ಹದಿನೇಳು ಅಕ್ಕನ ಕಿರಿಮಗನೇ ಎಂದುಕೊಂಡಳು ಸಂಶೋಧಕಿ. ಇಷ್ಟು ವರ್ಷ ನಂಬಿದ ಅಕ್ಕ! ಸಮಿತಿಗೆ ಬರೆದ ದೂರು ತನ್ನ ಮೇಜಿನ ಮೇಲೆ ಸಿದ್ಧವಿತ್ತು, ಹೆಸರಿನ ಜಾಗ ಮಾತ್ರ ಖಾಲಿ. ಆ ತಾಯಿ ಸಂಸ್ಥೆಯವಳೇ ಆಗಿದ್ದರೆ ಕೆಲಸ ಹೋದಂತೆಯೇ.

“ಹೆದರಿದ್ಲು ಅಂತ ಮಗುವಿನ ಬಾಳು ಹಾಳು ಮಾಡೋದಾ? ನಿಜ ಹೇಳಿದ್ರೆ ಅದಕ್ಕೆ ಬೇಕಾದ ಪಾಠ, ಸಹಾಯ ಎಲ್ಲ ಸಿಗ್ತಿತ್ತು. ಈಗ ಪಾಪ, ದಡ್ಡ ಅಂತ ಬೈಸ್ಕೊಂಡು ಬೆಳೀತಿರುತ್ತೆ.”

“ಹೌದು ಮೇಡಂ,” ಅಕ್ಕ ನೆಲ ನೋಡುತ್ತ ಅಂದಳು. “ಬೈಸ್ಕೊಳ್ತಾನೇ ಇದೆ.”

“ಕೊಡಿ ಇಲ್ಲಿ.”

ಕಪಾಟು ತೆರೆಯಿತು. ಲಕೋಟೆ ಕೊಡುವಾಗ ಅಕ್ಕನ ಕಣ್ಣು ತುಂಬಿತ್ತು. “ನನ್ನ ಬೈಕೋಬೇಡಿ,” ಎಂದಳು.

“ಅಳು ಬೇಡ. ಅಳೋದನ್ನ ಸಮಿತಿ ಮುಂದೆ ಇಟ್ಕೊಳ್ಳಿ.”

ಸಂಶೋಧಕಿ ತನ್ನ ಕೋಣೆಗೆ ಮರಳಿ ಅರಗಿನ ಮುದ್ರೆ ಒಡೆದಳು. ಹಳೆಯ ಹಾಳೆ. ಒಂಬತ್ತನೆಯ ಪ್ರಶ್ನೆ: ಬಸಿರಿನ ಯಾವುದೇ ತಿಂಗಳಲ್ಲಿ ಮದ್ಯ ಸೇವಿಸಿದ್ದಿರಾ?

ಉತ್ತರ ‘ಇಲ್ಲ’ ಎಂದಿತ್ತು. ಅದರ ಕೆಳಗೆ ಕೆಂಪು ಪೆನ್ನಿನ ಎರಡು ಗೆರೆ. ಹಾಳೆಯ ತುದಿಯಲ್ಲಿ ಅವಳದೇ ಸಹಿ. ಬಸಿರಿನ ಆ ಮೊದಲ ತಿಂಗಳುಗಳ ಕುಡಿತವನ್ನು ಅವಳು ತನ್ನಿಂದಲೇ ಮುಚ್ಚಿಟ್ಟುಕೊಂಡಿದ್ದಳು.

ಬಾಗಿಲು ಮತ್ತೆ ಸರಿಯಿತು. “ಅಮ್ಮಾ, ಗಡಿಯಾರ ನೋಡ್ದೆ. ಈಗ ಐದಾಯ್ತಾ?”