ಮಡುವಿನ ಗುಳ್ಳೆ

ನದಿಯಲ್ಲಿ ಮುಳುಗಿದ ಹುಡುಗನನ್ನು ಹುಡುಕಿದ್ದು ಸಾಕು ಎಂದು ಸಾಹೇಬರು ಜೀಪಿನೊಳಗೆ ಕುಳಿತೇ ಅಂದುಬಿಟ್ಟರು.

"ಅವನ ತಾಯಿಗೆ ಯಾರು ಹೇಳ್ತಾರ್ರೀ?" ಆಗಷ್ಟೇ ನೀರಿನಿಂದ ಎದ್ದು ಬಂದ ಮುಳುಗುಗಾರ ಕೇಳಿದ.

"ನೀನ ಹೇಳು ಹೋಗಪಾ. ನಿನ್ನ ಮಾತು ಕೇಳ್ತಾಳ."

ಮುಳುಗುಗಾರನಿಗೆ ಮೈಯೆಲ್ಲ ಉರಿಯಿತು. ಬೆನ್ನಿನ ಗಾಳಿಯ ಸಿಲಿಂಡರನ್ನು ಕಳಚಿ ಜೀಪಿನೊಳಕ್ಕೆ ಒಗೆದವನೇ, ದಡದ ಬಂಡೆಯ ಮೇಲೆ ಅನ್ನ ನೀರು ಬಿಟ್ಟು ಕುಳಿತಿದ್ದ ಆ ತಾಯಿಯ ಪಕ್ಕ ಹೋಗಿ ಕುಕ್ಕರಿಸಿದ.

"ಯವ್ವಾ, ಏಳು. ಮನಿಗೆ ನಡಿ."

"ಮಗನ್ನ ಬಿಟ್ಟು ಹೆಂಗ ಬರ್ಲೋ? ದಿನಾ ನೋಡಾಕತ್ತೀನಿ, ಮಡುವಿನ್ಯಾಗ ಗುಳ್ಳಿ ಏಳತಾವ. ಉಸಿರಾಡಾಕತ್ತಾನ ಅಂವ."

ಇಷ್ಟು ದಿನ ಅವಳು ಜೀವ ಹಿಡಿದುಕೊಂಡಿದ್ದು ಯಾವುದರ ಮೇಲೆ ಎಂಬುದು ಅವನಿಗೆ ಆಗ ತಿಳಿಯಿತು.

"ಅವು ನನ್ನ ಗುಳ್ಳಿ ಯವ್ವಾ. ನೀರಾಗ ಇಳದಾಂವ ನಾ ಒಬ್ಬನ. ನಾ ಬಿಟ್ಟ ಉಸಿರ ಮ್ಯಾಲೆ ಬರ್ತಿತ್ತು. ನಿನ್ನ ಮಗ ಹೋಗ್ಯಾನ."

ಅವಳು ಅಳಲಿಲ್ಲ. ಸೆರಗಿನಿಂದ ಅವನ ಒದ್ದೆ ತಲೆಯನ್ನು ಒರೆಸಿದಳು. ಆಮೇಲೆ ಅವನ ಗದ್ದ ಹಿಡಿದು ಮೆಲ್ಲಗೆ ಮಡುವಿನ ಕಡೆ ತಿರುಗಿಸಿದಳು. ನಡುನೀರಿನಲ್ಲಿ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು.

"ನೀ ಇಲ್ಲೇ ಕುಂತೀಯಲ್ಲಪಾ. ಮತ್ತ ಅವು ಯಾರವು?"