ಎಲ್ಲಕ್ಕಿಂತ ಮೇಲಿನ ಸಾಲು

ದೇಶದೇಶಗಳ ಗಡಿ ಗುರುತಿಸುವ ಗಾಂಭೀರ್ಯದಿಂದ ಆ ಕಚೇರಿ ಒಂದು ವಿಷಯವನ್ನು ತೀರ್ಮಾನಿಸಿತ್ತು: ವರದಿ ಯಾವುದೇ ಇರಲಿ, ಒಂದು ಪುಟ ದಾಟಕೂಡದು. ದಾಟಿದ್ದನ್ನು ವ್ಯವಸ್ಥಾಪಕರು ಓದುತ್ತಿರಲಿಲ್ಲ. ಎರಡನೆಯ ಪುಟ ಕಂಡೊಡನೆ ಅವರ ಕನ್ನಡಕ ಎಲ್ಲೋ ಕಳೆದುಹೋಗುತ್ತಿತ್ತು.

ಅಂದು ಮಧ್ಯಾಹ್ನ ಎರಡಕ್ಕೆ ಅವರಿಗೆ ಅಂಥದೊಂದು ಪುಟ ಬೇಕಿತ್ತು. ಅದರ ತಲೆಯ ಮೇಲೆ ಒಂದು ಹೆಸರು. ಆ ಹೆಸರಿನವರು ಸಂಜೆಯೊಳಗೆ ಮನೆಗೆ.

ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಆಂಬುಲೆನ್ಸ್‌ಗಳನ್ನು ಕಳಿಸುವ ಪ್ರೋಗ್ರಾಂ ಕುಸಿದುಬಿದ್ದಿತ್ತು. ಏಳು ನಿಮಿಷ ಫೋನುಗಳು ಬಡಿದುಕೊಂಡವು, ಗಾಡಿಗಳು ನಿಂತಲ್ಲೇ ನಿಂತವು. ಯಾರೂ ಸಾಯಲಿಲ್ಲ. ಅದು ಊರಿನವರ ಪುಣ್ಯ, ಪ್ರೋಗ್ರಾಮಿನ ದೊಡ್ಡಸ್ತಿಕೆಯಲ್ಲ.

ಪ್ರೋಗ್ರಾಂ ಸಾಯುವಾಗ ಒಂದು ಪಟ್ಟಿ ಬಿಟ್ಟುಹೋಗುತ್ತದೆ: ಯಾರು ಯಾರಿಗೆ ಕೆಲಸ ಒಪ್ಪಿಸಿದರು, ಕೊನೆಯುಸಿರಿನ ಹೊತ್ತಿಗೆ ಅದು ಯಾರ ಕೈಯಲ್ಲಿತ್ತು. ಕೊನೆಯವರು ಎಲ್ಲಕ್ಕಿಂತ ಮೇಲೆ. ಆದರೆ ಬರೀ ಅಂಕಿಗಳಲ್ಲಿ. ಅದನ್ನು ಮನುಷ್ಯರು ಓದುವ ಹಾಗೆ ಮಾಡುವುದು ಸೊಸೆಯ ಕೆಲಸ. ಪ್ರೋಗ್ರಾಮಿನೊಳಗೆ ಅವಳು ‘ಗುಮಾಸ್ತ’ ಎಂಬ ಪುಟ್ಟ ಸಲಕರಣೆ ಕೂರಿಸಿದ್ದಳು. ಹೆಜ್ಜೆಹೆಜ್ಜೆಗೂ ಗುರುತು ಹಾಕಿಕೊಳ್ಳುವುದು ಅವನ ಕೆಲಸ. ಹೊರಗೆ ಅವಳದೇ ಇನ್ನೊಂದು ಸಲಕರಣೆ ಅಂಕಿಗಳನ್ನು ಬಿಡಿಸಿ, ಅದು ಪ್ರೋಗ್ರಾಮಿನ ಯಾವ ಸಾಲು, ಆ ಸಾಲು ಬರೆದವರು ಯಾರು ಎಂದು ಹೇಳುತ್ತಿತ್ತು. ಪ್ರತಿ ಪಟ್ಟಿಯಲ್ಲೂ ತಪ್ಪದೆ ತಲೆಹಾಕುವ, ಯಾರಿಗೂ ಬೇಡದ ಸಾಲುಗಳನ್ನು ಗುಡಿಸಿ ಎಸೆದು ಒಂದೇ ಪುಟ ಕೊಡುತ್ತಿತ್ತು.

ಇಡೀ ಕಚೇರಿ ಅವಳನ್ನು ಸೊಸೆ ಎನ್ನಲು ಕಾರಣ ಎದುರು ಮೇಜಿನಲ್ಲೇ ಇತ್ತು. ಗಂಡನ ತಾಯಿ. ಎಲ್ಲರ ಬಾಯಲ್ಲೂ ಅತ್ತೆ. ಇಪ್ಪತ್ತೊಂಬತ್ತು ವರ್ಷದ ನೌಕರಿ, ನಿವೃತ್ತಿಗೆ ಇನ್ನೆರಡು ತಿಂಗಳು. ಅತ್ತೆಗೆ ಅಂಕಿಗಳನ್ನು ಇದ್ದ ಹಾಗೇ ಓದಲು ಬರುತ್ತದೆಂದು ಹಳಬರು ಹೇಳುತ್ತಿದ್ದರು. ಹೊಸಬರು ನಗುತ್ತಿದ್ದರು.

ಒಂದು ಗಂಟೆಗೆ ಪುಟ ಸಿದ್ಧವಾಯಿತು. ಸೊಸೆ ಮೇಲಿನ ಸಾಲು ಓದಿದಳು.

ಅತ್ತೆಯ ಹೆಸರು.

ಆ ಸಾಲನ್ನು ತೆರೆದು ನೋಡಿದಳು. ತಪ್ಪೇನೂ ಕಾಣಲಿಲ್ಲ. ಮುಂದಿನವರಿಗೆ ಕೆಲಸ ದಾಟಿಸುವ ಬಡಪಾಯಿ ಸಾಲು. ಮೂರು ಸಲ ಓದಿದಳು. ಆದರೆ ಪಟ್ಟಿ ಸುಳ್ಳು ಹೇಳುವುದಿಲ್ಲವಲ್ಲ. ಅವಳೇ ಮಾಡಿದ ಪಟ್ಟಿ.

“ಆಯ್ತೇನೇ?”

ಬೆನ್ನ ಹಿಂದೆ ಅತ್ತೆ. ಸೊಸೆ ಸರಕ್ಕನೆ ಪರದೆ ಆರಿಸಿದಳು.

“ಇನ್ನೂ ಇಲ್ಲ ಅತ್ತೆ.”

“ಒಳ್ಳೇದಾಯ್ತು. ಇದೊಂದ್ಸಲ ಅಂಕಿಗಳನ್ನ ಅಂಕಿಗಳಾಗೇ ಬಿಟ್ಬಿಡು.”

“ಓದೋ ಹಾಗೆ ಮಾಡು ಅಂತ ತಾನೇ ನನ್ನ ಇಲ್ಲಿ ಕೂರ್ಸಿರೋದು?”

“ಓದಿದ್ಮೇಲೆ ಮರೆಯೋಕಾಗಲ್ಲ. ಅದಕ್ಕೆ ಹೇಳ್ದೆ.”

ಸೊಸೆಗೆ ತಡೆಯಲಾಗಲಿಲ್ಲ. “ಯಾರ ತಪ್ಪು ಅಂತ ನಿಮಗೆ ಗೊತ್ತಾ?”

ಅತ್ತೆ ಬಗ್ಗಿ ಅವಳ ಕಾಲರ್ ಸರಿಮಾಡಿದರು. “ನಮ್ಮನೇದೇ. ನಿನ್ನ ಗಂಡನಿಗೆ ಮಾತ್ರ ಹೇಳ್ಬೇಡ. ಹಲ್ಲಿನ ಡಾಕ್ಟ್ರು, ಇದಕ್ಕೂ ಹಲ್ಲು ಬಿಡ್ತಾನೆ.”

ಒಪ್ಪಿಕೊಂಡಂತೆಯೇ ಆಯಿತು. ಮದುವೆಯಾದ ಆರು ವರ್ಷಗಳಲ್ಲಿ ಅತ್ತೆ ತಪ್ಪೊಂದನ್ನು ಒಪ್ಪಿದ್ದು ಇದೇ ಮೊದಲು. ಬೇರೆ ದಿನವಾಗಿದ್ದರೆ ಸೊಸೆ ಗೋಡೆಯ ಮೇಲೆ ತಾರೀಖು ಬರೆದಿಡುತ್ತಿದ್ದಳು. ಇಂದು ಅದಕ್ಕೆ ಹೊತ್ತಿರಲಿಲ್ಲ. ಎರಡು ತಿಂಗಳಲ್ಲಿ ಹಾರ ಹಾಕಿಸಿಕೊಂಡು ಹೋಗಬೇಕಾದವರು ಕತ್ತು ಹಿಡಿಸಿಕೊಂಡು ಹೋಗಬೇಕೇ?

ಗುಡಿಸಬೇಕಾದ ಸಾಲುಗಳ ನಿಯಮಗಳನ್ನು ತೆರೆದು ಅತ್ತೆಯ ಸಾಲನ್ನೂ ಅಲ್ಲಿಗೆ ಸೇರಿಸಿದಳು. ಪುಟ ಮತ್ತೆ ಬಂತು. ಈಗ ತಲೆಯ ಮೇಲೆ ನಕ್ಷೆ ವಿಭಾಗದ ಗಡ್ಡಪ್ಪನ ಹೆಸರು. ಗಡ್ಡಪ್ಪ ಎರಡು ಮೇಜಿನಾಚೆ ಫೋನಿನಲ್ಲಿ, “ಜ್ವರ ಇದ್ರೆ ಸ್ಕೂಲಿಗೆ ಬೇಡ ಕಂದಾ” ಎನ್ನುತ್ತಿದ್ದ. ಸೊಸೆ ಮತ್ತೆ ನಿಯಮಗಳನ್ನು ತೆರೆದಳು. ಸೇರಿಸಿದ್ದನ್ನು ಅಳಿಸಿದಳು.

ಗಂಟೆ ಒಂದು ನಲವತ್ತು.

ಆಗ ಹೊಳೆಯಿತು. ಹೆಚ್ಚು ಗುಡಿಸುವ ಬದಲು ಗುಡಿಸುವುದನ್ನೇ ನಿಲ್ಲಿಸಿದರೆ? ಪಟ್ಟಿ ಮೂರು ಪುಟವಾಗುತ್ತದೆ. ವ್ಯವಸ್ಥಾಪಕರ ಕನ್ನಡಕ ಕಳೆಯುತ್ತದೆ. “ತನಿಖೆ ಮುಂದುವರಿಯಲಿ” ಎನ್ನುತ್ತಾರೆ. ಎರಡು ತಿಂಗಳು ಹೇಗೋ ದಾಟುತ್ತದೆ. ಸುಳ್ಳು ಒಂದಕ್ಷರವಿಲ್ಲ, ಎಲ್ಲ ನಿಜ; ನಿಜ ಸ್ವಲ್ಪ ಜಾಸ್ತಿ, ಅಷ್ಟೆ.

ನಿಯಮಗಳನ್ನೆಲ್ಲ ಒಂದೊಂದಾಗಿ ತೆಗೆದಳು. ಪ್ರಿಂಟರ್ ಮೂರು ಪುಟ ಕಕ್ಕಿತು.

ಅತ್ತೆಯ ಹೆಸರು ಈಗ ಮೊದಲ ಸಾಲಿನಲ್ಲಿರಲಿಲ್ಲ. ಅದರ ತಲೆಯ ಮೇಲೆ ನಾಲ್ಕು ಸಾಲು ಬಂದು ಕೂತಿದ್ದವು. ಗುಮಾಸ್ತನ ಸಾಲುಗಳು. ಪ್ರತಿ ಪಟ್ಟಿಯಲ್ಲೂ ಇರುತ್ತವೆ, ಯಾರಿಗೂ ಬೇಡವೆಂದು ಎರಡು ವರ್ಷದಿಂದ ಅವಳೇ ಗುಡಿಸುತ್ತ ಬಂದವು. ಅತ್ತೆ ದಾಟಿಸಿದ ಕೆಲಸ ಹೋಗಿದ್ದು ಅವನ ಕೈಗೆ. ಗುರುತು ಹಾಕಲು ಹೋಗಿ ಎಡವಿದ್ದು ಅವನೇ. ನಾಲ್ಕೂ ಸಾಲಿನ ಮುಂದೆ ಬರೆದವರ ಹೆಸರು ಒಂದೇ ಇತ್ತು: ಅವಳದು.

ಹಾಳೆ ಹಿಡಿದು ವ್ಯವಸ್ಥಾಪಕರ ಕೋಣೆಗೆ ಓಡಿದಳು.

ತಪ್ಪು ತನ್ನದೆಂದು ಬರೆದುಕೊಟ್ಟು ಅತ್ತೆ ಕೆಲಸ ಬಿಟ್ಟು ಆಗಲೇ ಇಪ್ಪತ್ತು ನಿಮಿಷವಾಗಿತ್ತು.